ದೇವರ ಗೆಳೆಯರು, ಮತ್ತು ಹುಡುಕಿದರೂ ಸಿಗದ ಒಬ್ಬ ಗೆಳೆಯ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಯಾರಿರುತ್ತಾರೆ ಅಂತ ನನಗೆ ಒಂದು ಅಂದಾಜಿದೆ. ಸೊಪ್ಪು ಬಿಡಿಸುತ್ತಾ ಕೂತವರು, ಅಂಗಡಿಯ ಷಟರ್ ಅರ್ಧ ಎಳೆದು ಲೆಕ್ಕ ನೋಡುತ್ತಿರುವವರು, ರಾತ್ರಿ ಪಾಳಿಗೆ ಹೊರಟವರು. ದಯವಿಟ್ಟು ಕೆಲಸ ನಿಲ್ಲಿಸಬೇಡಿ. ನಾನು ಇವತ್ತು ಹೇಳಲಿರುವ ಜನವೂ ಕೈಯಲ್ಲಿ ಕೆಲಸ ಇಟ್ಟುಕೊಂಡೇ ಇದನ್ನೆಲ್ಲ ಕೇಳಿದವರು.

ನನಗೆ ಕೊಟ್ಟ ವಿಷಯ ಮಧ್ಯಯುಗದ ಕ್ರೈಸ್ತ ಅನುಭಾವಿಗಳು. ಅನುಭಾವ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಒಂದು ಗುಹೆ, ಒಂದು ಗಡ್ಡ, ಮುಚ್ಚಿದ ಎರಡು ಕಣ್ಣು. ಅದನ್ನು ಪಕ್ಕಕ್ಕೆ ಇಡಿ. ನಾನು ಒಂದೇ ಮಾತು ಹೇಳಲು ಬಂದಿದ್ದೇನೆ, ಅದನ್ನೇ ಮೂರ್ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಅನುಭಾವ ಬೆಳೆದದ್ದು ಪಾದ್ರಿಗಳೂ ಸಂಸಾರಿಗಳೂ ಒಟ್ಟಿಗೆ ಕೂತು ಮನೆಮಾತಿನಲ್ಲಿ ಮಾತಾಡಿದ್ದರಿಂದ. ಮನೆಮಾತಿನಲ್ಲಿ. ಇಗರ್ಜಿಯ ಭಾಷೆಯಾದ ಲ್ಯಾಟಿನ್‌ನಲ್ಲಿ ಅಲ್ಲ.

ಊರು ಸ್ಟ್ರಾಸ್‌ಬರ್ಗ್, ರೈನ್ ನದಿಯ ಸೀಮೆ. ಇವತ್ತು ಫ್ರಾನ್ಸಿನಲ್ಲಿದೆ. ಆಗ ಅದು ಜರ್ಮನ್ ಮಾತಾಡುವ ವ್ಯಾಪಾರದ ಊರು. ಕಾಲ 14ನೇ ಶತಮಾನ.

ಅಲ್ಲಿಗೆ ಎಕ್‌ಹಾರ್ಟ್ ಎಂಬ ಸನ್ಯಾಸಿ ಬಂದ. ಡೊಮಿನಿಕನ್ ಸಭೆಯವನು, ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಎರಡು ಸಲ ಪ್ರಾಧ್ಯಾಪಕನಾಗಿದ್ದವನು. ಅಂಥ ಪಂಡಿತ ಸನ್ಯಾಸಿನಿಯರ ಮುಂದೆ, ಬೀದಿಯ ಜನದ ಮುಂದೆ ಜರ್ಮನ್‌ನಲ್ಲಿ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡತೊಡಗಿದ. ದೇವರ ಬಗ್ಗೆ ಅಷ್ಟು ಆಳಕ್ಕೆ ಇಳಿಯಲು ಆ ಭಾಷೆಯಲ್ಲಿ ಪದಗಳು ಸಾಲುತ್ತಿರಲಿಲ್ಲ. ಸಾಲದಿದ್ದರೆ ಏನಂತೆ, ಮಾಡಿಕೊಂಡ. 'ಬಿಡು' ಅನ್ನುವ ದಿನಬಳಕೆಯ ಕ್ರಿಯಾಪದದಿಂದ 'ಗೆಲಾಸೆನ್‌ಹೈಟ್' ಎಂಬ ಮಾತು ಬಂತು. ಅಂದರೆ ನಿನ್ನನ್ನು ನೀನು ಬಿಟ್ಟುಕೊಟ್ಟ ಸ್ಥಿತಿ. ಇವತ್ತಿಗೂ ಜರ್ಮನ್ನರು ತಣ್ಣಗಿರುವ ಮನಸ್ಸಿಗೆ ಅದೇ ಪದ ಬಳಸುತ್ತಾರೆ.

ದೊಡ್ಡವರಿಗೆ ಇದು ಸರಿ ಬರಲಿಲ್ಲ. 1329ರ ಮಾರ್ಚ್‌ನಲ್ಲಿ ಪೋಪ್ ಅವನ 28 ಮಾತುಗಳನ್ನು ಖಂಡಿಸಿದ. ಅಷ್ಟೊತ್ತಿಗೆ ಎಕ್‌ಹಾರ್ಟ್ ತೀರಿಕೊಂಡಿದ್ದ. ಆ ಆಜ್ಞೆಯಲ್ಲಿದ್ದ ದೂರುಗಳಲ್ಲಿ ಒಂದು ಏನು ಗೊತ್ತಾ? ಇವನು ಇದನ್ನೆಲ್ಲ ಸಾಮಾನ್ಯ ಜನರ ಎದುರು ಹೇಳಿದ ಅನ್ನುವುದು! ಇಂಥ ಆಕ್ಷೇಪಕ್ಕೆ ಅವನು ಬದುಕಿದ್ದಾಗಲೇ ಉತ್ತರ ಬರೆದಿಟ್ಟಿದ್ದ. ಓದದವರಿಗೆ ಕಲಿಸಲೇಬಾರದು ಅಂದರೆ ಓದಿದವರು ಅನ್ನುವವರು ಎಲ್ಲಿಂದ ಬರಬೇಕು, ಅಂತ.

ಅದೇ ಹೊತ್ತಿಗೆ ಪೋಪನಿಗೂ ಚಕ್ರವರ್ತಿ ಲೂಡ್‌ವಿಗ್‌ಗೂ ಜಗಳ. ಚಕ್ರವರ್ತಿಯ ಕಡೆ ನಿಂತ ಊರುಗಳಲ್ಲಿ ಪೂಜೆ ನಡೆಸಬಾರದು ಅಂತ ಪೋಪನ ಅಪ್ಪಣೆ ಆಯಿತು. ಯೋಚನೆ ಮಾಡಿ. ಮಗು ಹುಟ್ಟುತ್ತದೆ, ಮುದುಕರು ಸಾಯುತ್ತಾರೆ, ಇಗರ್ಜಿಯ ಬಾಗಿಲು ಮಾತ್ರ ಮುಚ್ಚಿದೆ. ಸ್ಟ್ರಾಸ್‌ಬರ್ಗಿನ ನಗರಸಭೆಗೆ ರೇಗಿಹೋಯಿತು. ಪೂಜೆಯಲ್ಲಿ ಹಾಡಲು ಒಲ್ಲೆ ಅಂದ ಸನ್ಯಾಸಿಗಳಿಗೆ ಹೇಳಿದರಂತೆ: ಒಂದೋ ಹಾಡಿ, ಇಲ್ಲವೇ ಊರಿಂದ ಹಾರಿ. ಜರ್ಮನ್‌ನಲ್ಲೂ ಅದು ಹೀಗೇ ಪ್ರಾಸ ಬರುತ್ತದೆ, ಸಿಂಗೆನ್, ಸ್ಪ್ರಿಂಗೆನ್. ಡೊಮಿನಿಕನ್ನರು ಹಾರಿದರು, ಬಾಸೆಲ್ ಊರಿಗೆ.

ಹಾಗೆ ಹೋದವರಲ್ಲಿ ಒಬ್ಬ ಯೊಹಾನ್ನೆಸ್ ಟೌಲರ್. ಬಾಸೆಲ್‌ನಲ್ಲಿ ಅವನ ಸುತ್ತ ಒಂದು ಬಳಗ ಕೂಡಿತು. ಪಾದ್ರಿಗಳು, ಸನ್ಯಾಸಿನಿಯರು, ವ್ಯಾಪಾರಿಗಳು, ಗೃಹಿಣಿಯರು. ತಮ್ಮನ್ನು 'ದೇವರ ಗೆಳೆಯರು' ಅಂತ ಕರೆದುಕೊಂಡರು. ಹೆಸರು ಬೈಬಲಿನಿಂದಲೇ ಬಂದದ್ದು. ನಿಮ್ಮನ್ನು ಇನ್ನು ಆಳುಗಳು ಅನ್ನುವುದಿಲ್ಲ, ಗೆಳೆಯರು ಅನ್ನುತ್ತೇನೆ ಅಂತ ಯೇಸು ಶಿಷ್ಯರಿಗೆ ಹೇಳುವ ಮಾತಿದೆಯಲ್ಲ, ಅದರಿಂದ. ಇದಕ್ಕೆ ಸದಸ್ಯತ್ವ ಇಲ್ಲ, ನಿಯಮ ಇಲ್ಲ. ಊರಿಂದ ಊರಿಗೆ ಪತ್ರ ಹೋಗುತ್ತಿತ್ತು, ಪುಸ್ತಕ ಹೋಗುತ್ತಿತ್ತು, ಜನ ಹೋಗುತ್ತಿದ್ದರು. ಅಷ್ಟೇ.

ಟೌಲರ್ ಹೇಳಿದ ಒಂದು ಮಾತು ನನಗೆ ತುಂಬ ಇಷ್ಟ. ನಾನು ಪಾದ್ರಿಯಾಗಿರದಿದ್ದರೆ ಚಪ್ಪಲಿ ಹೊಲಿಯುವುದನ್ನು ದೊಡ್ಡ ವಿಷಯ ಅಂದುಕೊಳ್ಳುತ್ತಿದ್ದೆ, ಬೇರೆಯವರಿಗಿಂತ ಚೆನ್ನಾಗಿ ಹೊಲಿಯಲು ನೋಡುತ್ತಿದ್ದೆ ಅಂತ ಪ್ರಸಂಗದ ನಡುವೆ ಹೇಳುತ್ತಾನೆ. ಇನ್ನೊಬ್ಬನ ಕಥೆಯನ್ನೂ ಹೇಳುತ್ತಾನೆ. ನಲವತ್ತು ವರ್ಷಕ್ಕಿಂತ ಜಾಸ್ತಿ ಉತ್ತ ರೈತ. ಉಳುವುದು ಬಿಟ್ಟು ಇಗರ್ಜಿಯಲ್ಲಿ ಹೋಗಿ ಕೂರಲೇ ಅಂತ ದೇವರನ್ನು ಕೇಳಿದ. ಬೇಡ, ಬೆವರು ಸುರಿಸಿಯೇ ಅನ್ನ ತಿನ್ನು ಅಂತ ದೇವರು ಹೇಳಿದ.

ಈಗ ನಿಮ್ಮಲ್ಲಿ ಅರ್ಧ ಜನ 'ಇದು ನಮ್ಮ ಶರಣರು ಹೇಳಿದ್ದೇ ಅಲ್ವಾ' ಅನ್ನುತ್ತಿದ್ದೀರಿ. ಗೊತ್ತು. ನಾನು ಎಲ್ಲಿ ಮಾತಾಡಿದರೂ ಯಾರಾದರೂ ಎದ್ದು ನಿಂತು ಇದನ್ನೇ ಹೇಳುತ್ತಾರೆ. ಆದರೆ ಇವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ. ಇನ್ನು ಐದು ನಿಮಿಷ ಸ್ಟ್ರಾಸ್‌ಬರ್ಗಿನಲ್ಲೇ ಇರೋಣ. ಯಾಕೆಂದರೆ ನನ್ನ ಮೆಚ್ಚಿನ ಕಥೆ ಇನ್ನೂ ಶುರುವೇ ಆಗಿಲ್ಲ.

ರುಲ್‌ಮನ್ ಮೆರ್ಸ್ವಿನ್ ಅಂತ ಒಬ್ಬ ಸಾಹುಕಾರ. ಹಣದ ವ್ಯವಹಾರದವನು, 1307ರಲ್ಲಿ ಹುಟ್ಟಿದವನು. ನಲವತ್ತಾದಾಗ ವ್ಯಾಪಾರ ಸಾಕು ಅನ್ನಿಸಿತು. 1347ರ ನವೆಂಬರ್‌ನ ಒಂದು ಸಂಜೆ ತೋಟದಲ್ಲಿ ಒಬ್ಬನೇ ತಿರುಗಾಡುತ್ತಿದ್ದ. ಹೀಗೆ ಬದುಕಿದ್ದು ಸಾಕು ಅಂತ ಆಕಾಶ ನೋಡಿದ. ಬೆಳಕೊಂದು ಸುತ್ತಿಕೊಂಡಿತಂತೆ. ಯಾರೋ ಎತ್ತಿಕೊಂಡು ತೋಟದಲ್ಲೆಲ್ಲ ಸುತ್ತಿಸಿದ ಹಾಗೆ, ಕಾಲು ನೆಲಕ್ಕೆ ತಾಕದ ಹಾಗೆ ಆಯಿತಂತೆ. ಆಮೇಲೆ ಮೈಯನ್ನು ಹೊಡೆದುಕೊಂಡು ದಂಡಿಸತೊಡಗಿದ. ಬಾಸೆಲ್‌ನಿಂದ ಊರಿಗೆ ಮರಳಿದ್ದ ಟೌಲರ್ ಅವನ ಪಾಪನಿವೇದನೆ ಕೇಳುವ ಗುರು. 'ಸ್ವಲ್ಪ ದಿನ ಇದೆಲ್ಲ ನಿಲ್ಲಿಸಪ್ಪಾ, ತಲೆ ಕೆಡುತ್ತೆ' ಅನ್ನುವ ಅರ್ಥದಲ್ಲಿ ತಡೆದ.

ಇದೇ ಮೆರ್ಸ್ವಿನ್ ಊರಿನಲ್ಲಿ ಪಾಳುಬಿದ್ದಿದ್ದ ಒಂದು ಹಳೆಯ ಮಠವನ್ನು 1367ರಲ್ಲಿ ಹಣ ಕೊಟ್ಟು ಪಡೆದ. ಜಾಗದ ಹೆಸರು 'ಹಸಿರು ದ್ವೀಪ'. 1371ರಲ್ಲಿ ಅದನ್ನು ಸಂತ ಯೊವಾನ್ನರ ಸಭೆಯವರಿಗೆ ಒಪ್ಪಿಸಿದ. ಆದರೆ ಒಂದು ಷರತ್ತು. ಆಸ್ತಿಯ ಮೇಲ್ವಿಚಾರಣೆ ಮೂವರು ಗೃಹಸ್ಥರದ್ದು. ಸಾಹುಕಾರ ಸಾಹುಕಾರನೇ, ಅಲ್ವಾ!

ಈ ಮೆರ್ಸ್ವಿನ್‌ಗೆ ಒಬ್ಬ ಗುಟ್ಟಿನ ಗೆಳೆಯ. 'ಮೇಲ್ಸೀಮೆಯ ದೇವರ ಗೆಳೆಯ' ಅಂತ ಹೆಸರು. ಎಲ್ಲೋ ಬೆಟ್ಟದಲ್ಲಿ ಇರುತ್ತಾನೆ. ಪಾದ್ರಿಯಲ್ಲ, ಸನ್ಯಾಸಿಯಲ್ಲ. ಪತ್ರ ಬರೆಯುತ್ತಾನೆ, ಪುಸ್ತಕ ಕಳಿಸುತ್ತಾನೆ. ಅವನನ್ನು ಕಣ್ಣಾರೆ ಕಂಡವನು ಮೆರ್ಸ್ವಿನ್ ಒಬ್ಬನೇ.

ಆ ಗೆಳೆಯನಿಂದ ಬಂದ ಒಂದು ಪುಸ್ತಕದ ಕಥೆ ಹೀಗಿದೆ. ಒಬ್ಬ ಪ್ರಖ್ಯಾತ ಉಪದೇಶಕ ಇದ್ದ, ಮಹಾ ಪಂಡಿತ. ಮೇಲ್ಸೀಮೆಯಿಂದ ಒಬ್ಬ ಗೃಹಸ್ಥ ಬಂದು ಅವನ ಪ್ರಸಂಗ ಕೇಳಿದ. ಮನೆಗೆ ಹೋಗಿ ಅಕ್ಷರ ಬಿಡದೆ ಬರೆದು ತಂದು ಓದಿ ತೋರಿಸಿದ. ಪಂಡಿತನಿಗೆ ಖುಷಿಯೋ ಖುಷಿ. ಆಗ ಗೃಹಸ್ಥ ಅಂದ: ನೀವು ಹೇಳಿದ್ದು ಸರಿಯೇ, ಆದರೆ ಹೇಳಿದ ಹಾಗೆ ನೀವು ಬದುಕುತ್ತಿಲ್ಲ. ಪಂಡಿತನಿಗೆ ಕೋಪ ಬಂತು. ಆಮೇಲೆ ಒಪ್ಪಿಕೊಂಡ. ಮಕ್ಕಳಿಗೆ ಅಕ್ಷರಮಾಲೆ ಹೇಳಿಕೊಡುವ ಹಾಗೆ ಗೃಹಸ್ಥ ಅವನಿಗೆ ಅ ಆ ಇ ಈಯಿಂದ ಪಾಠ ಶುರು ಮಾಡಿದ. ಪ್ರಸಂಗ ಬಿಟ್ಟು ಸುಮ್ನೆ ಕೂತುಕೊಳ್ಳಿ ಅಂದ.

ಎರಡು ವರ್ಷ! ಊರು ನಕ್ಕಿತು, ಗೆಳೆಯರು ದೂರವಾದರು. ಎರಡು ವರ್ಷ ಕಳೆದು ಮತ್ತೆ ಪೀಠ ಹತ್ತಿದರೆ ಬಾಯಿಂದ ಒಂದು ಮಾತು ಹೊರಡಲಿಲ್ಲ, ಬರೀ ಅಳು. ಇವನಿಗೆ ತಲೆ ಕೆಟ್ಟಿದೆ ಅಂತ ಜನ ಎದ್ದು ಹೋದರು. ಕೆಲವು ದಿನ ಬಿಟ್ಟು ಇನ್ನೊಮ್ಮೆ ಹತ್ತಿದ. 'ಇಗೋ, ಮದುಮಗ ಬರುತ್ತಿದ್ದಾನೆ' ಅನ್ನುವ ವಾಕ್ಯ ಹಿಡಿದು ಮಾತಾಡಿದ. 'ಇದು ನಿಜ!' ಅಂತ ಒಬ್ಬ ಕೂಗಿ ಬಿದ್ದುಬಿಟ್ಟ. ಪ್ರಸಂಗ ಮುಗಿದ ಮೇಲೂ ನಲವತ್ತರಷ್ಟು ಜನ ಇಗರ್ಜಿಯ ಅಂಗಳದಲ್ಲೇ ಉಳಿದರಂತೆ, ಏಳಲಾಗದೆ.

ಗಮನಿಸಿ, ಇಲ್ಲಿ ಕಲಿಸಿದವನು ಗೃಹಸ್ಥ, ಕಲಿತವನು ಪಾದ್ರಿ. ನಾನು ಹೇಳುತ್ತಿರುವುದೂ ಅದನ್ನೇ. ಒಟ್ಟಿಗೆ ಕೂತರು, ಮನೆಮಾತಿನಲ್ಲಿ ಮಾತಾಡಿದರು.

ಈ ಉಪದೇಶಕ ಟೌಲರನೇ ಅಂತ ಜನ ನಂಬಿದರು. 1498ರಲ್ಲಿ ಟೌಲರನ ಪ್ರಸಂಗಗಳನ್ನು ಅಚ್ಚು ಹಾಕಿದಾಗ ಈ ಕಥೆಯನ್ನೂ ಸೇರಿಸಿದರು. ಇನ್ನು ಆ ಮೇಲ್ಸೀಮೆಯ ಗೆಳೆಯ? 1382ರಲ್ಲಿ ಮೆರ್ಸ್ವಿನ್ ಸತ್ತ. ಪತ್ರಗಳು ನಿಂತವು. ಹಸಿರು ದ್ವೀಪದವರು ಬೆಟ್ಟಗಳಲ್ಲಿ ಹುಡುಕಿಸಿದರು. ಗೆಳೆಯ ಸಿಗಲಿಲ್ಲ. 500 ವರ್ಷ ಕಳೆದ ಮೇಲೆ ಹೈನ್‌ರಿಷ್ ಡೆನಿಫ್ಲೆ ಎಂಬ ವಿದ್ವಾಂಸ ಕೂತು ಒಂದೊಂದೇ ಕಾಗದ ನೋಡಿದ. ಉಪದೇಶಕ ಟೌಲರ್ ಅಲ್ಲ ಅಂದ. ಗೆಳೆಯ ಅನ್ನುವವನು ಇರಲೇ ಇಲ್ಲ, ಮೆರ್ಸ್ವಿನ್ ಕಟ್ಟಿದ ಪಾತ್ರ ಅಂದ. ತಾನೇ ಬರೆದು ತಾನೇ ತರಿಸಿಕೊಂಡಿದ್ದ ಸಾಹುಕಾರ! ಡೆನಿಫ್ಲೆಗೆ ಇದು ಬರೀ ಮೋಸ. ನನಗೆ ಮೆರ್ಸ್ವಿನ್ ಮೇಲೆ ಅಷ್ಟು ಕೋಪ ಬರುವುದಿಲ್ಲ. ಪಾದ್ರಿಗೆ ಪಾಠ ಹೇಳುವ ಸಂಸಾರಿ ಒಬ್ಬ ಬೇಕಿತ್ತು. ತನ್ನ ಹೆಸರಿನಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಗಡಿಯಾರ ನೋಡಿದರೆ ಹೆಂಗಸರ ವಿಷಯಕ್ಕೆ ಒಂದು ನಿಮಿಷ ಉಳಿದಿದೆ. ಇದು ನನ್ನದೇ ತಪ್ಪು, ಆ ಕಥೆ ಶುರು ಮಾಡಿದರೆ ನಿಲ್ಲಿಸಲು ನನಗೆ ಬರುವುದಿಲ್ಲ. ಟೌಲರನ ಪ್ರಸಂಗಗಳು ನಮಗೆ ಉಳಿದಿದ್ದರೆ ಅದು ಕೇಳಿದವರು ಬರೆದಿಟ್ಟುಕೊಂಡಿದ್ದರಿಂದ, ಅವರಲ್ಲಿ ಜಾಸ್ತಿ ಸನ್ಯಾಸಿನಿಯರೇ. ಅವನಿಗಿಂತ ಎಷ್ಟೋ ಮೊದಲು ಮಾಗ್ಡೆಬರ್ಗಿನ ಮೆಖ್‌ಟಿಲ್ಡ್ ಎಂಬ ಹೆಂಗಸು ತನ್ನ ಊರಿನ ಮಾತಿನಲ್ಲೇ ದೇವರ ಜೊತೆ ಪ್ರೇಮದ ಸಂಭಾಷಣೆ ಬರೆದಳು. ಬಾಸೆಲ್ ಬಳಗದವರು 1345ರ ಹೊತ್ತಿಗೆ ಅದನ್ನು ತಮ್ಮ ಸೀಮೆಯ ಜರ್ಮನ್‌ಗೆ ತಂದರು. ಅವಳು ಬರೆದ ಮೂಲ ಹೋಯಿತು, ಇವರು ಮಾಡಿದ್ದು ಉಳಿಯಿತು.

ಇನ್ನೊಬ್ಬಳು ಮಾರ್ಗರೀತ್ ಪೊರೆಟ್. ಫ್ರೆಂಚ್‌ನಲ್ಲಿ ಬರೆದಳು. ಪುಸ್ತಕವನ್ನು ಅವಳ ಕಣ್ಣೆದುರೇ ಸುಟ್ಟರು. ಅವಳು ಮತ್ತೆ ಹಂಚಿದಳು. 1310ರ ಜೂನ್ 1ರಂದು ಪ್ಯಾರಿಸ್ಸಿನಲ್ಲಿ ಅವಳನ್ನೇ ಸುಟ್ಟರು. ಪುಸ್ತಕ ಮಾತ್ರ ಹೆಸರಿಲ್ಲದೆ ತಿರುಗುತ್ತಾ ಹೋಯಿತು. ಲ್ಯಾಟಿನ್‌ಗೆ, ಇಂಗ್ಲಿಷ್‌ಗೆ, ಇಟಾಲಿಯನ್‌ಗೆ. ಯಾರದ್ದು ಅಂತ ತಿಳಿಯದೆ ಮಠಗಳಲ್ಲಿ ಸನ್ಯಾಸಿಗಳೂ ಓದಿದರು. ಇದು ಆ ಸುಟ್ಟ ಹೆಂಗಸಿನ ಪುಸ್ತಕವೇ ಅಂತ ರೊಮಾನಾ ಗ್ವಾರ್ನಿಯೆರಿ ಎಂಬ ವಿದುಷಿ ಗುರುತಿಸಿದ್ದು 1946ರಲ್ಲಿ.

ನಮಸ್ಕಾರ.