ಜನಕ್ಷಯ: ಒಂದು ಪದದ ಅರ್ಥವ್ಯಾಪ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ಡಿಪಾಪ್ಯುಲೇಶನ್’ ಎಂಬ ಪದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ಜನಕ್ಷಯ, ನಿರ್ಜನೀಕರಣ, ಜನಸಂಖ್ಯೆಯ ಇಳಿಕೆ ಎಂಬ ಮಾತುಗಳನ್ನು ಬಳಸಬಹುದು. ಆದರೆ ಇವು ಮೂರೂ ಒಂದೇ ಸಂಗತಿಯನ್ನು ಹೇಳುವುದಿಲ್ಲ.

ಮೊದಲು ಒಂದು ಸಾಮಾನ್ಯ ತಪ್ಪನ್ನು ಬದಿಗಿಡೋಣ. ಬೆಳವಣಿಗೆಯ ವೇಗ ತಗ್ಗಿದ ಮಾತ್ರಕ್ಕೆ ಜನಸಂಖ್ಯೆ ತಗ್ಗಿದಂತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2.0 ಮಕ್ಕಳು. ಒಂದು ಪೀಳಿಗೆಯ ಜಾಗವನ್ನು ಮುಂದಿನದು ತುಂಬಲು ಬೇಕಾದ ಸುಮಾರು 2.1ಕ್ಕಿಂತ ಇದು ಕಡಿಮೆಯೇ. ಆದರೂ ತಾಯ್ತಂದೆಯರಾಗುವ ವಯಸ್ಸಿನವರು ಅಪಾರ ಸಂಖ್ಯೆಯಲ್ಲಿರುವುದರಿಂದ ಒಟ್ಟು ಜನಸಂಖ್ಯೆ ಇನ್ನೂ ಏರುತ್ತಲೇ ಇದೆ.

ಇಳಿಕೆ ಎಂಬುದು ಲೆಕ್ಕದ ಮಾತು; ನಿರ್ಜನೀಕರಣವಾದರೋ ನೆಲದ ಮಾತು. ಜಪಾನಿನಲ್ಲಿ 1960ರ ದಶಕದಲ್ಲಿ ಯುವಕರು ಕೆಲಸಕ್ಕಾಗಿ ನಗರ ಸೇರಿ ಬೆಟ್ಟದ ಹಳ್ಳಿಗಳು ಬರಿದಾಗತೊಡಗಿದಾಗ, ವಿಪರೀತ ವಿರಳತೆ ಎಂಬ ಅರ್ಥದ ‘ಕಾಸೊ’ ಎಂಬ ಪದ ಬಳಕೆಗೆ ಬಂದು, 1970ರಲ್ಲಿ ಅಂಥ ಪ್ರದೇಶಗಳಿಗೆಂದೇ ಒಂದು ಕಾನೂನೂ ಆಯಿತು. ಆ ಹೊತ್ತಿಗೆ ದೇಶದ ಒಟ್ಟು ಜನಸಂಖ್ಯೆ ಏರುತ್ತಿತ್ತು. ಅದು ಸುಮಾರು 12.8 ಕೋಟಿಯ ತುದಿ ಮುಟ್ಟಿ ಇಳಿಮುಖವಾದದ್ದು 2008ರ ಸುಮಾರಿಗೆ. ನಮ್ಮ ಕಂದಾಯ ಕಡತಗಳಲ್ಲಿಯೂ ಈ ನೆಲದ ಅರ್ಥಕ್ಕೆ ಒಂದು ಪದವಿದೆ: ಬೇಚರಾಕ್ ಗ್ರಾಮ. ಪಾರಸಿ ಮೂಲದ ಈ ಮಾತಿಗೆ ದೀಪವಿಲ್ಲದ್ದು ಎಂದರ್ಥ. ಗಡಿಯೂ ಸರ್ವೆ ನಂಬರುಗಳೂ ಇದ್ದು ವಾಸಿಸುವವರಿಲ್ಲದ ಊರನ್ನು ಇಷ್ಟು ಅಚ್ಚುಕಟ್ಟಾಗಿ ಹೇಳುವ ಪದ ವಿದ್ವಾಂಸರ ಕೈಯಿಂದ ಬರಲಿಲ್ಲ, ಗುಮಾಸ್ತರ ಕೈಯಿಂದ ಬಂತು.

ಇನ್ನು ಜನಕ್ಷಯ. ಕ್ಷಯವೆಂದರೆ ಚಂದ್ರನ ಕಲೆಗಳಂತೆ ತಾನಾಗಿ ಸವೆಯುವುದು; ಸವೆಸಿದವರು ಯಾರೆಂಬ ಪ್ರಶ್ನೆಯನ್ನು ಆ ಪದ ಎತ್ತುವುದೇ ಇಲ್ಲ. ಐರ್ಲೆಂಡಿನಲ್ಲಿ 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರ ಗಣತಿಯಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಕ್ಷಾಮದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು. ಮತ್ತೆ ಅಷ್ಟೇ ಜನ, ಬಹುಶಃ ಇನ್ನೂ ಹೆಚ್ಚು, ಹಡಗು ಹತ್ತಿದರು. ಗೇಣಿ ಕಟ್ಟಲಾಗದೆ ಒಕ್ಕಲೆಬ್ಬಿಸಲ್ಪಟ್ಟವರೂ ಇವರಲ್ಲಿದ್ದರು. ಇದೆಲ್ಲವನ್ನೂ ಬರಿಯ ಕ್ಷಯವೆಂದು ಕರೆದರೆ ಸಾವು, ವಲಸೆ, ಬಲವಂತ ಮೂರೂ ಒಂದೇ ಮುಸುಕಿನಡಿ ಸೇರಿಹೋಗುತ್ತವೆ.

ಇಂಗ್ಲಿಷ್ ಪದದ ಬೇರಾದ ಲ್ಯಾಟಿನ್ ಕ್ರಿಯಾಪದಕ್ಕಾದರೋ ಸೂರೆಗೈದು ಹಾಳುಗೆಡಹು ಎಂಬ ಅರ್ಥವಿತ್ತು. ಅಲ್ಲಿ ಹಾಳು ಮಾಡಿದವನೊಬ್ಬ ಇದ್ದೇ ಇರುತ್ತಿದ್ದ. ಆ ಅರ್ಥ ಪೂರ್ತಿ ಅಳಿದಿಲ್ಲ. ಹಕ್ಕಿಜ್ವರ ಕಾಣಿಸಿಕೊಂಡ ಕೋಳಿ ಫಾರಂಗಳಲ್ಲಿ ಎಲ್ಲ ಕೋಳಿಗಳನ್ನೂ ಕೊಲ್ಲುವುದನ್ನು ಪಶುವೈದ್ಯಕೀಯ ಇಂಗ್ಲಿಷಿನಲ್ಲಿ ಇಂದಿಗೂ ಡಿಪಾಪ್ಯುಲೇಶನ್ ಎಂದೇ ಬರೆಯುತ್ತಾರೆ. ಅದನ್ನು ಕನ್ನಡಕ್ಕೆ ತರುವವರು ಜನಕ್ಷಯವನ್ನೂ ಇಳಿಕೆಯನ್ನೂ ಬಿಟ್ಟು, ಕೊಲ್ಲುವುದು ಎಂದೇ ಬರೆಯಬೇಕಾಗುತ್ತದೆ.

ನಮಸ್ಕಾರ.