ತಿಗಣೆ ಕಾಟ: ಔಷಧಿಗೆ ಮೊದಲು ಆಗಬೇಕಾದ ಕೆಲಸ

ಎಲ್ಲರಿಗೂ ನಮಸ್ಕಾರ.

ತಿಗಣೆಯ ಮಾತು ಬಂದ ಕೂಡಲೇ ಜನ ಕೇಳುವುದು ಒಂದೇ, ‘ಯಾವ ಔಷಧಿ ಹೊಡೆಯಬೇಕು?’ ಆ ಪ್ರಶ್ನೆಗೆ ಕೊನೆಗೆ ಬರುತ್ತೇನೆ. ಔಷಧಿಯ ಸರದಿ ಬರಬೇಕಾದದ್ದೂ ಕೊನೆಗೇ. ಹುಡುಕದೆ, ಶುಚಿ ಮಾಡದೆ ಮೊದಲ ದಿನವೇ ಔಷಧಿ ಹೊಡೆದರೆ, ಮಂಚದಲ್ಲಿದ್ದ ತಿಗಣೆ ಗೋಡೆಗೂ ಪಕ್ಕದ ಕೋಣೆಗೂ ಚದುರಿ ಕೆಲಸ ದುಪ್ಪಟ್ಟಾಗಬಹುದು.

ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದ, ಸೇಬಿನ ಬೀಜದಷ್ಟು. ಕಂದುಗೆಂಪು, ಚಪ್ಪಟೆ. ರಕ್ತ ಕುಡಿದ ಮೇಲೆ ಉಬ್ಬಿ ಉದ್ದವಾಗುತ್ತದೆ. ಹಾರಲು ಬಾರದು, ನೆಗೆಯಲೂ ಬಾರದು. ನೆಗೆದರೆ ಅದು ಚಿಗಟ. ಹೆಣ್ಣು ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ, ಸಂದಿನೊಳಗೆ ಅಂಟಿಕೊಂಡಿರುತ್ತದೆ. ಬೆಚ್ಚಗಿನ ಕೋಣೆಯಲ್ಲಿ 6ರಿಂದ 10 ದಿನಕ್ಕೆ ಮರಿ ಹೊರಬರುತ್ತದೆ. ಮರಿ ಐದು ಸಲ ಪೊರೆ ಕಳಚಬೇಕು, ಪ್ರತಿ ಸಲಕ್ಕೂ ಮೊದಲು ಒಮ್ಮೆಯಾದರೂ ರಕ್ತ ಕುಡಿಯಲೇಬೇಕು. ಈ ಎರಡು ಸಂಗತಿ ನೆನಪಿರಲಿ: ಅಂಟಿಕೊಂಡ ಮೊಟ್ಟೆ, ಮತ್ತು ಊಟವಿಲ್ಲದೆ ಬೆಳೆಯಲಾಗದ ಮರಿ. ಮುಂದೆ ಹೇಳುವುದೆಲ್ಲ ಇವೆರಡರ ಮೇಲೆಯೇ ನಿಂತಿದೆ.

ಮೈಮೇಲಿನ ಗಂಧೆ ನೋಡಿ ‘ಇದು ತಿಗಣೆಯೇ’ ಎಂದು ತೀರ್ಮಾನಿಸಬೇಡಿ. ಸೊಳ್ಳೆ ಕಚ್ಚಿದರೂ, ಅಲರ್ಜಿಯಾದರೂ ಹಾಗೆಯೇ ಕಾಣಬಹುದು. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರ ಮೈಯೆಲ್ಲ ದದ್ದು, ಇನ್ನೊಬ್ಬರಿಗೆ ಏನೂ ಇಲ್ಲ, ಇದೂ ಸಾಮಾನ್ಯ. ತಿಗಣೆ ಕಡಿತದಿಂದ ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದು ಸಾಬೀತಾಗಿಲ್ಲ. ಆದರೆ ತುರಿಕೆ, ಕೆರೆದು ಆಗುವ ಹುಣ್ಣು, ನಿದ್ದೆಗೇಡು ಇವು ಸಣ್ಣ ತೊಂದರೆಗಳಲ್ಲ.

ಸಾಕ್ಷಿ ಸಿಗುವುದು ಹಾಸಿಗೆಯಲ್ಲಿ. ಒಂದು ಒಳ್ಳೆಯ ಟಾರ್ಚ್, ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು. ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಬಿಡಿಸುತ್ತ ನಾಲ್ಕೂ ಮೂಲೆ ನೋಡಿ. ಆಮೇಲೆ ಹಾಸಿಗೆ ಎತ್ತಿ, ಮಂಚದ ಹಲಗೆಗಳ ಅಡಿ, ಕಾಲು ಕೂಡುವ ಜಾಗ, ಸ್ಕ್ರೂ ತೂತು, ತಲೆಕಡೆಯ ಹಲಗೆಯ ಹಿಂಭಾಗ ನೋಡಿ. ಸಂದಿನಲ್ಲಿ ಕಾರ್ಡ್ ಎಳೆದರೆ ಒಳಗಿರುವುದು ಹೊರಬರುತ್ತದೆ. ಕಪ್ಪು ಚುಕ್ಕೆಗಳು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ. ಕಂದುಗೆಂಪಾಗಿ ಹರಡಿದರೆ ಅದು ಬಹುಪಾಲು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ತೆಳು ಹಳದಿಯ ಒಣ ಪೊರೆಗಳೂ ಗಟ್ಟಿ ಗುರುತು. ಮಂಚದಲ್ಲಿ ಸಿಕ್ಕರೆ ಹುಡುಕಾಟ ಅಲ್ಲಿಗೇ ನಿಲ್ಲಬಾರದು. ಸುತ್ತ ಒಂದೂವರೆ ಎರಡು ಮೀಟರ್ ಒಳಗಿನ ಕುರ್ಚಿ, ಪರದೆಯ ಮಡಿಕೆ, ಗೋಡೆಯ ಫೋಟೊ ಹಿಂಭಾಗ, ಪುಸ್ತಕದ ಬೆನ್ನು ಎಲ್ಲವನ್ನೂ ನೋಡಬೇಕು.

ಸಿಕ್ಕವು ಎಂದು ಗಾಬರಿಯಾಗಿ ಬೇರೆ ಕೋಣೆಗೆ ಹೋಗಿ ಮಲಗುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ತಿಗಣೆ ಹೊದಿಕೆಯ ಜೊತೆಯೋ, ಹಸಿದು ತಾನಾಗಿಯೋ ಅಲ್ಲಿಗೂ ಬರುತ್ತದೆ. ಕೋಣೆಗೆ ಒಂದು ತಿಂಗಳು ಬೀಗ ಹಾಕಿದರೂ ಸಾಯುವುದಿಲ್ಲ. ಬೆಳೆದವು ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ.

ಬಟ್ಟೆಯಿಂದ ಶುರು ಮಾಡಿ. ಹೊದಿಕೆ, ದಿಂಬಿನ ಗವಸು, ಪರದೆ ಎಲ್ಲವನ್ನೂ ಅದೇ ಕೋಣೆಯಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ತನ್ನಿ. ತೆರೆದು ಹೊತ್ತುಕೊಂಡು ಬಂದರೆ ದಾರಿಯುದ್ದಕ್ಕೂ ಉದುರುತ್ತವೆ. 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಲ್ಲಿ ಒಗೆಯಿರಿ, ಇಲ್ಲವೇ ಡ್ರೈಯರ್‌ನ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ಇಡಿ. ತಣ್ಣೀರಿನ ಒಗೆತವನ್ನು ನಂಬಬೇಡಿ. ಬಿಸಿ ತಾಳದ ವಸ್ತುಗಳನ್ನು ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ನಾಲ್ಕು ದಿನ ಇಡಬಹುದು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಪದ್ಧತಿ ಬಗ್ಗೆ ಒಂದು ಮಾತು: ಮೇಲ್ಮೈ ಎಷ್ಟೇ ಕಾದರೂ ಒಳಗೆ ಅಷ್ಟು ಬಿಸಿ ಇಳಿಯುವುದಿಲ್ಲ, ತಿಗಣೆ ನೆರಳಿನ ಬದಿಗೆ ಸರಿಯುತ್ತದೆ. 48 ಡಿಗ್ರಿಯಲ್ಲಿ ಮೊಟ್ಟೆ ಸಾಯಲು ಸುಮಾರು ಒಂದೂವರೆ ಗಂಟೆ ಬೇಕು, ಅದೂ ಆ ಬಿಸಿ ಮೊಟ್ಟೆಯನ್ನೇ ಮುಟ್ಟಬೇಕು.

ಮಂಚವನ್ನು ಬಿಚ್ಚಿ. ಸಪೂರ ಬಾಯಿಯ ನಳಿಕೆ ಹಾಕಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಸಂದುಗಳನ್ನು ಎಳೆಯಿರಿ, ಮುಗಿದ ಕೂಡಲೇ ಒಳಗಿನ ಕಸವನ್ನು ಚೀಲದಲ್ಲಿ ಕಟ್ಟಿ ಮನೆಯಿಂದ ಹೊರಗೆ ಹಾಕಿ. ಮೊಟ್ಟೆ ಇದಕ್ಕೆ ಬಗ್ಗುವುದಿಲ್ಲ, ಅದಕ್ಕೆ ಹಬೆ ಬೇಕು. ಹಬೆಯ ಯಂತ್ರವನ್ನು ಅವಸರದಲ್ಲಿ ಆಡಿಸಬಾರದು; 30 ಸೆಂಟಿಮೀಟರ್ ಸಂದಿಗೆ 10ರಿಂದ 15 ಸೆಕೆಂಡ್ ಕೊಡಿ. ಹಬೆ ಜೋರಾಗಿ ಚಿಮ್ಮಿದರೆ ತಿಗಣೆ ಸಾಯುವ ಬದಲು ಹಾರಿಹೋಗಿ ಬೇರೆಡೆ ಬೀಳುತ್ತದೆ, ಆದ್ದರಿಂದ ಅಗಲ ಬಾಯಿಗೆ ಬಟ್ಟೆ ಸುತ್ತಿ ಹಿಡಿಯಿರಿ. ಕಬ್ಬಿಣದ ಮಂಚಕ್ಕೆ ಕುದಿಯುವ ನೀರು ಹೊಯ್ಯುವುದು ಕೆಟ್ಟ ಉಪಾಯವೇನಲ್ಲ, ನೀರು ಬಿದ್ದಲ್ಲಿ ಸಾಯುತ್ತವೆ. ಪ್ಲೈವುಡ್ ಮಾತ್ರ ಹಾಳಾಗುತ್ತದೆ. ಸ್ವಿಚ್ ಬೋರ್ಡ್ ಹತ್ತಿರ ನೀರೂ ಬೇಡ, ಹಬೆಯೂ ಬೇಡ.

ಇನ್ನು ಮಂಚವನ್ನು ಒಂಟಿ ಮಾಡಿ. ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ಮಡಚಿ, ನಾಲ್ಕೂ ಕಾಲುಗಳ ಅಡಿ ತಿಗಣೆ ಬಟ್ಟಲು, ಅಂದರೆ ಓಡಾಡುವ ತಿಗಣೆ ಬಿದ್ದು ಸಿಕ್ಕಿಕೊಳ್ಳುವ ಬಟ್ಟಲು, ಇಡಿ. ನುಣುಪು ಒಳಗೋಡೆಯನ್ನು ಏರಲಾಗದೆ ಅವು ಅಲ್ಲೇ ಉಳಿಯುತ್ತವೆ. ಉಷ್ಣ ಪ್ರದೇಶದ ತಿಗಣೆ ನುಣುಪನ್ನೂ ಏರುವುದರಲ್ಲಿ ಜಾಣ, ಆದ್ದರಿಂದ ಅಲ್ಲಿ ಒಳಗೋಡೆಗೆ ಟಾಲ್ಕಂ ಪೌಡರ್ ತೆಳುವಾಗಿ ಸವರುವುದು ಒಳ್ಳೆಯದು. ಹಾಸಿಗೆಗೆ ಪೂರ್ತಿ ಮುಚ್ಚುವ, ಜಿಪ್ ಇರುವ ಗವಸು ಹಾಕಿದರೆ ವರ್ಷವಿಡೀ ತೆಗೆಯಬೇಡಿ. ಒಳಗೆ ಉಳಿದವು ಊಟವಿಲ್ಲದೆ ಸಾಯುತ್ತವೆ. ಈಗ ನೀವು ಅದೇ ಮಂಚದ ಮೇಲೆ ಮಲಗಬೇಕು, ಕೋಣೆಯಲ್ಲಿ ಉಳಿದವನ್ನು ಬಟ್ಟಲಿಗೆ ಎಳೆಯುವುದು ನಿಮ್ಮ ಉಸಿರು ಮತ್ತು ಮೈಬಿಸಿಯೇ. ಕೇಳಲು ಹಿತವಾಗಿಲ್ಲ, ಒಪ್ಪುತ್ತೇನೆ.

ಈಗ ಔಷಧಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಸ್ಪ್ರೇಗಳಲ್ಲಿರುವುದು ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕ. ಅನೇಕ ಕಡೆಯ ತಿಗಣೆಗಳು ಅದನ್ನು ತಾಳಿಕೊಳ್ಳುವುದನ್ನು ಕಲಿತಿವೆ. ಮೊಟ್ಟೆಯ ಮೇಲೆ ಅದರ ಪರಿಣಾಮ ಕಡಿಮೆ. ಹಾಗಾಗಿ ಒಮ್ಮೆ ಹೊಡೆದರೆ ಸಾಲದು, ಮೊಟ್ಟೆ ಒಡೆದು ಮರಿ ಬಂದ ಮೇಲೆ, ಅಂದರೆ ಸುಮಾರು ಎರಡು ವಾರದ ನಂತರ, ಮತ್ತೆ ಹೊಡೆಯಬೇಕು. ಡಬ್ಬ ಒತ್ತಿ ಕೋಣೆ ತುಂಬಾ ಹೊಗೆ ಬಿಡುವ ಫಾಗರ್‌ಗಳು ಹಣ ದಂಡ. ಆ ಮಂಜು ಸಂದಿನೊಳಗೆ ಇಳಿಯುವುದಿಲ್ಲ. ತಿಗಣೆಗೆಂದೇ ಅನುಮತಿ ಪಡೆದ ಸಿಲಿಕಾ ಪುಡಿಯನ್ನು ಸಂದುಗಳಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹಾಕಿದರೆ, ಅದು ಮೈಮೇಲಿನ ಮೇಣವನ್ನು ಹೀರಿ ಒಣಗಿಸಿ ಕೊಲ್ಲುತ್ತದೆ. ರಾಶಿ ಹಾಕಿದರೆ ಸುತ್ತಿ ಹೋಗುತ್ತವೆ, ಪುಡಿ ನಿಮ್ಮ ಉಸಿರಿಗೂ ಸೇರುತ್ತದೆ. ನುಸಿಗುಳಿಗೆ, ಶಬ್ದದ ಯಂತ್ರ ಇವುಗಳಿಂದ ಪ್ರಯೋಜನವಿಲ್ಲ. ಸೀಮೆಎಣ್ಣೆ, ಪೆಟ್ರೋಲ್ ಸುರಿದರೆ ಬೆಂಕಿಯ ಭಯ. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾವ ಕಾರಣಕ್ಕೂ ಮನೆಯೊಳಗೆ ಇಡಬೇಡಿ. ಅದರಿಂದ ಏಳುವ ಫಾಸ್ಫಿನ್ ಅನಿಲ ಗೋಡೆಯಾಚೆ ಮಲಗಿದವರನ್ನೂ ಕೊಲ್ಲುತ್ತದೆ.

ತಡೆಯುವ ವಿಷಯದಲ್ಲಿ ಕಣ್ಣಿಡಬೇಕಾದ ಬಾಗಿಲು ಮುಖ್ಯವಾಗಿ ಎರಡು: ಪ್ರಯಾಣದ ಚೀಲ, ಹಳೆಯ ಪೀಠೋಪಕರಣ. ತಂಗುವ ಕೋಣೆಯಲ್ಲಿ ಹಾಸಿಗೆಯ ಮೂಲೆ ನೋಡುವ ತನಕ ಚೀಲವನ್ನು ಮಂಚದ ಮೇಲಿಡಬೇಡಿ. ಮನೆಗೆ ಬಂದ ಮೇಲೆ ಬಟ್ಟೆ ನೇರ ಒಗೆಯಲು ಹೋಗಲಿ. ಬೀದಿಯಲ್ಲಿ ಬಿಟ್ಟ ಸೋಫಾ ಎಷ್ಟು ಚೆಂದವಿದ್ದರೂ ಅಲ್ಲೇ ಇರಲಿ. ಗೋಡೆ ಹಂಚಿಕೊಂಡ ಮನೆಗಳಲ್ಲಿ ನಾಚಿಕೆ ಬಿಟ್ಟು ಅಕ್ಕಪಕ್ಕದವರಿಗೂ ಮೇಲೆ ಕೆಳಗಿನವರಿಗೂ ತಿಳಿಸಿ. ಒಂದೇ ಮನೆಗೆ ಔಷಧಿ ಹಾಕಿದರೆ ಪೈಪಿನ ತೂತಿನಿಂದ, ವೈರಿನ ದಾರಿಯಿಂದ ಅವು ಮತ್ತೆ ಬರುತ್ತವೆ.

ಕಡಿತ ನಿಂತ ದಿನವೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಬಟ್ಟಲುಗಳನ್ನು ವಾರಕ್ಕೊಮ್ಮೆ ನೋಡುತ್ತಿರಿ. ಸತತ ಎಂಟು ವಾರ ಬಟ್ಟಲು ಖಾಲಿ, ಹಾಸಿಗೆಯಲ್ಲಿ ಹೊಸ ಕಪ್ಪು ಚುಕ್ಕೆಯೂ ಇಲ್ಲ ಎಂದಾದರೆ ಮಂಚವನ್ನು ಮತ್ತೆ ಗೋಡೆಗೆ ಒತ್ತಬಹುದು.