ಮುದ್ದೆ ಬಿಡಬೇಡಿ, ಗಾತ್ರ ನೋಡಿ

ನಮಸ್ಕಾರ. ಇದು ಹಾಸನದ ನಮ್ಮ ಮನೆಯ ಅಡುಗೆ ಕೋಣೆ. ಒಂದು ಒಲೆಯ ಮೇಲೆ ರಾಗಿ ಹಿಟ್ಟು ಬೇಯುತ್ತಿದೆ, ಅಮ್ಮ ಕೋಲು ಹಿಡಿದು ತೊಳಸುತ್ತಿದ್ದಾರೆ. ಇನ್ನೊಂದರ ಮೇಲೆ ಸೊಪ್ಪು, ಹುರುಳಿಕಾಳಿನ ಬಸ್ಸಾರು.

ತೂಕ ಇಳಿಸಲು ಈ ಊಟ ಬಿಡಬೇಕೇ ಎಂದು ಹಲವರು ಕೇಳುತ್ತಾರೆ. ಖಂಡಿತ ಬೇಡ. ಆದರೆ ಮುದ್ದೆ ಎಷ್ಟು ಉಂಡರೂ ಮೈ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲೊರಿ ಇದ್ದರೆ, ಅಕ್ಕಿಯಲ್ಲಿ ಸುಮಾರು 350. ಅಂತರ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ: 100 ಗ್ರಾಂಗೆ ಸುಮಾರು 11 ಗ್ರಾಂ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ ಉಂಡವರಿಗೆ ಬೇಗ ಹಸಿವಾಗದಿರುವುದಕ್ಕೆ ಇದೂ ಒಂದು ಕಾರಣ.

ಈಗ ಮಣೆಯ ಮೇಲೆ ನೋಡಿ. ಅಮ್ಮ ಕೈ ಒದ್ದೆ ಮಾಡಿಕೊಂಡು ಕಟ್ಟುತ್ತಿರುವ ಆ ದೊಡ್ಡ ಮುದ್ದೆ ತಾತನ ಕಾಲದ ಅಳತೆಯದು. ತಾತ ಬೆಳಗಿನಿಂದ ಆಲೂಗಡ್ಡೆ ಹೊಲದಲ್ಲಿ ಬಗ್ಗಿ ದುಡಿಯುತ್ತಿದ್ದರು. ನಾನು ದಿನವಿಡೀ ಕುರ್ಚಿಯಲ್ಲಿ ಕೂರುತ್ತೇನೆ. ಪಕ್ಕದಲ್ಲಿರುವ ಕಿತ್ತಳೆ ಗಾತ್ರದ್ದು ನನ್ನದು.

"ಇಷ್ಟೇ ಸಾಕೇನೋ? ಇನ್ನರ್ಧ ಹಾಕಿಸಿಕೋ."

"ಪಲ್ಯ ತಿಂದು ನೋಡುತ್ತೇನಮ್ಮ, ಆಮೇಲೆ ಬೇಕೆನಿಸಿದರೆ ಕೇಳುತ್ತೇನೆ."

ಇಲ್ಲೇ ಇರುವುದು ವಿಷಯ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಐದೇ ನಿಮಿಷದಲ್ಲಿ ತಟ್ಟೆ ಬರಿದಾಗುತ್ತದೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಯಲು ಸುಮಾರು 20 ನಿಮಿಷ ಬೇಕು. ಅಷ್ಟರೊಳಗೆ ಎರಡನೆಯ ಮುದ್ದೆಯೂ ಮುಗಿದಿರುತ್ತದೆ! ಅದಕ್ಕೇ ಮೊದಲು ಬಸಿದ ಸೊಪ್ಪು, ಕಾಳಿನ ಪಲ್ಯ, ಸೌತೆಕಾಯಿ ಕೋಸಂಬರಿ. ಇವನ್ನು ಅಗಿಯದೆ ವಿಧಿಯಿಲ್ಲ. ಒಗ್ಗರಣೆಯ ಎಣ್ಣೆಯನ್ನು ಮಾತ್ರ ಚಮಚದಲ್ಲಿ ಅಳೆದೇ ಹಾಕಿ. ಎಣ್ಣೆಯ ಪ್ರತಿ ಗ್ರಾಂನಲ್ಲಿ 9 ಕಿಲೋಕ್ಯಾಲೊರಿ ಇರುತ್ತದೆ, ಪಿಷ್ಟದ ಎರಡು ಪಟ್ಟಿಗೂ ಹೆಚ್ಚು.

ಬೀಗರ ಊಟಕ್ಕೆ ಹೋದ ದಿನ ಲೆಕ್ಕ ಹಾಕುತ್ತಾ ಕೂರಬೇಡಿ. ಸಂತೋಷದಿಂದ ಉಣ್ಣಿ, ರಾತ್ರಿಗೆ ಮಜ್ಜಿಗೆ ಇದ್ದೇ ಇದೆ.

ತೂಕದ ಯಂತ್ರಕ್ಕಿಂತ ಅಳತೆಯ ಟೇಪನ್ನೇ ನಾನು ಹೆಚ್ಚು ನಂಬುತ್ತೇನೆ. ನಮ್ಮವರಿಗೆ ಕೊಬ್ಬು ಹೊಟ್ಟೆಯ ಸುತ್ತಲೇ ಸೇರುವುದು ಹೆಚ್ಚು. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯ ಮಿತಿ ಎನ್ನುತ್ತಾರೆ ವೈದ್ಯರು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಅವರನ್ನು ಕೇಳದೆ ಊಟ ಕಡಿಮೆ ಮಾಡಲೇಬೇಡಿ.

ನಮ್ಮ ಊಟವಾಯಿತು. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾರೆ, ಮಹಾರಾಜ ಪಾರ್ಕಿನ ಕಡೆ ಹೊರಟೆವು.